ಗುರು ಅರ್ಜನರ ಬಲಿದಾನ ಮತ್ತು ಮೊಗಲ ಪ್ರಭುತ್ವ

ಮೊಗಲರ ಕಾಲದಲ್ಲಿ ಸಿಖ್ ಗುರುಗಳು ಅನುಭವಿಸಿದ ಹಿಂಸೆಯ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡು ಬಗೆಯ ಉತ್ತರಗಳು ಸಿದ್ಧವಾಗಿರುತ್ತವೆ. ಅದು ಇಸ್ಲಾಮ್ ಧರ್ಮವು ಇತರ ಧರ್ಮಗಳ ಮೇಲೆ ನಡೆಸಿದ ಯುದ್ಧ ಎಂಬುದು ಒಂದು ಉತ್ತರ. ಅದು ಕೇವಲ ರಾಜಕೀಯ, ಧರ್ಮಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ ಎಂಬುದು ಇನ್ನೊಂದು. ಮೊದಲನೆಯ ಉತ್ತರ ಕೊಡುವವರು ಇತಿಹಾಸವನ್ನು ಇಂದಿನ ಜಗಳಕ್ಕೆ ಆಯುಧವಾಗಿ ಬಳಸುತ್ತಾರೆ. ಎರಡನೆಯ ಉತ್ತರ ಹೆಚ್ಚಾಗಿ ಬರುವುದು ನಮ್ಮ ನಡುವಿನಿಂದಲೇ. ಚಕ್ರವರ್ತಿಯ ಹೆಸರು ಮುಸ್ಲಿಮ್ ಹೆಸರಾಗಿರುವುದರಿಂದ ಅವನ ಪರವಾಗಿ ವಕಾಲತ್ತು ವಹಿಸುವುದು ನಮ್ಮ ಕರ್ತವ್ಯವೆಂದು ನಾವು ಭಾವಿಸಿಬಿಡುತ್ತೇವೆ. ಆದರೆ ಮೂಲ ದಾಖಲೆಗಳನ್ನು ಎದುರಿಗಿಟ್ಟುಕೊಂಡು ಕುಳಿತರೆ ಈ ಎರಡು ಉತ್ತರಗಳೂ ನಿಲ್ಲುವುದಿಲ್ಲ. ಆದ್ದರಿಂದ 1606ರಲ್ಲಿ ಲಾಹೋರಿನಲ್ಲಿ ನಡೆದ ಒಂದು ಘಟನೆಯನ್ನು ಮುಖ್ಯವಾಗಿಟ್ಟುಕೊಂಡು ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ನಾನಕರಿಂದ ಅರ್ಜನರವರೆಗೆ

ಸಿಖ್ ಪಂಥದ ಮೊದಲ ಗುರು ನಾನಕರು ಹುಟ್ಟಿದ್ದು 1469ರಲ್ಲಿ, ಇಂದು ಪಾಕಿಸ್ತಾನದಲ್ಲಿರುವ ತಲ್ವಂಡಿಯಲ್ಲಿ. ಅವರ ಜೀವಮಾನದ ಸಂಗಾತಿ, ರಬಾಬ್ ನುಡಿಸುತ್ತಿದ್ದ ಭಾಯಿ ಮರ್ದಾನಾ, ಒಬ್ಬ ಮುಸ್ಲಿಮ್. ಬಾಬರನ ದಂಡಯಾತ್ರೆಗಳು ಪಂಜಾಬನ್ನು ತುಳಿದುಹಾಕಿದ್ದನ್ನು ನಾನಕರು ಕಣ್ಣಾರೆ ಕಂಡವರು. ಆ ಕುರಿತು ಅವರು ರಚಿಸಿದ ಪದಗಳು ಬಾಬರ್‌ವಾಣಿ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿವೆ. ಆ ಪದಗಳಲ್ಲಿ ಹಿಂದೂ ಹೆಂಗಸರ ಸಂಕಟದ ಜೊತೆಗೇ ತುರುಕ ಹೆಂಗಸರ ಸಂಕಟವೂ ಬರುತ್ತದೆ ಎಂಬುದು ಗಮನಾರ್ಹ. ಬಾಬರನು ಸೋಲಿಸಿದ ಲೋದಿಗಳೂ ಮುಸ್ಲಿಮರೇ ಆಗಿದ್ದರಲ್ಲವೇ? ಪ್ರಭುತ್ವದ ಹಿಂಸೆಗೆ ಬಲಿಯಾಗುವವರನ್ನು ಧರ್ಮದ ಆಧಾರದಲ್ಲಿ ವಿಂಗಡಿಸಿ ಮರುಗುವ ಚಟ ನಾನಕರಿಗೆ ಇರಲಿಲ್ಲ.

ನಾನಕರ ನಂತರ ಅಂಗದ್, ಅಮರ್‌ದಾಸ್, ರಾಮ್‌ದಾಸ್ ಗುರುಗಳಾದರು. 1581ರಲ್ಲಿ ಐದನೆಯ ಗುರುವಾಗಿ ಅರ್ಜನರು ಬಂದರು. ಅವರ ಇಪ್ಪತ್ತೈದು ವರ್ಷಗಳಲ್ಲಿ ಪಂಥದ ಸ್ವರೂಪವೇ ಬದಲಾಯಿತು. ಅಮೃತಸರದಲ್ಲಿ ಹರ್‌ಮಂದಿರ್ ಸಾಹಿಬ್ ಎದ್ದು ನಿಂತಿತು. ತರನ್ ತಾರನ್, ಕರ್ತಾರ್‌ಪುರ ಎಂಬ ಊರುಗಳು ನೆಲೆಗೊಂಡವು. ಅನುಯಾಯಿಗಳು ತಮ್ಮ ಆದಾಯದ ಹತ್ತನೆಯ ಒಂದು ಪಾಲನ್ನು ಪಂಥಕ್ಕೆ ಕೊಡುವ ಪದ್ಧತಿ ಬೆಳೆಯಿತು. ಅದನ್ನು ಸಂಗ್ರಹಿಸಲು ಮಸಂದರೆಂಬ ಪ್ರತಿನಿಧಿಗಳು ಊರೂರಿನಲ್ಲಿದ್ದರು. ವ್ಯಾಪಾರಿಗಳಾದ ಖತ್ರಿಗಳು ಮಾತ್ರವಲ್ಲ, ಜಾಟ್ ರೈತರೂ ದೊಡ್ಡ ಸಂಖ್ಯೆಯಲ್ಲಿ ಪಂಥವನ್ನು ಸೇರಿದರು. 1604ರಲ್ಲಿ ಅರ್ಜನರು ಆದಿ ಗ್ರಂಥವನ್ನು ಸಂಕಲಿಸಿದರು. ಅದರಲ್ಲಿ ಗುರುಗಳ ಪದಗಳ ಜೊತೆಗೆ ಕಬೀರ, ನಾಮದೇವ, ರವಿದಾಸರ ಪದಗಳಿವೆ. ಪಂಜಾಬಿನ ಮಹಾನ್ ಸೂಫಿ ಶೇಖ್ ಫರೀದರ ವಾಣಿಗೂ ಅಲ್ಲಿ ಗೌರವದ ಸ್ಥಾನವಿದೆ. ಒಂದು ಧರ್ಮದವರು ಇನ್ನೊಂದು ಧರ್ಮದ ಸಂತನ ಮಾತನ್ನು ತಮ್ಮ ಪವಿತ್ರ ಗ್ರಂಥದೊಳಗೇ ಇಟ್ಟು ಪ್ರತಿದಿನ ಓದುವ ಇಂತಹ ನಿದರ್ಶನಗಳು ಜಗತ್ತಿನ ಇತಿಹಾಸದಲ್ಲಿ ಬಹಳ ಇಲ್ಲ.

ಅಕ್ಬರನ ಕಾಲದಲ್ಲಿ ಗುರುಗಳಿಗೂ ದರ್ಬಾರಿಗೂ ಸಂಬಂಧ ಚೆನ್ನಾಗಿಯೇ ಇತ್ತು. 1598ರಲ್ಲಿ ಲಾಹೋರಿನಿಂದ ಹಿಂದಿರುಗುವಾಗ ಅಕ್ಬರ್ ಬಿಯಾಸ್ ನದಿಯ ದಂಡೆಯ ಗೋಯಿಂದವಾಲದಲ್ಲಿ ಗುರು ಅರ್ಜನರನ್ನು ಭೇಟಿಯಾದ ವಿಷಯ ಅಕ್ಬರ್‌ನಾಮಾದಲ್ಲಿದೆ. ದರ್ಬಾರು ವರ್ಷಗಟ್ಟಲೆ ಲಾಹೋರಿನಲ್ಲಿ ಬೀಡುಬಿಟ್ಟಿದ್ದರಿಂದ ಧಾನ್ಯದ ಬೆಲೆ ಏರಿ, ಅದಕ್ಕೆ ತಕ್ಕಂತೆ ಕಂದಾಯವೂ ಏರಿತ್ತು. ದರ್ಬಾರು ಹೊರಟಾಗ ಬೆಲೆ ಕುಸಿಯಿತು, ಕಂದಾಯ ಮಾತ್ರ ಉಳಿಯಿತು. ಆಗ ಚಕ್ರವರ್ತಿ ಕಂದಾಯವನ್ನು ಇಳಿಸಿದ. ರೈತರ ಪರವಾಗಿ ಗುರುಗಳು ಕೇಳಿಕೊಂಡದ್ದರಿಂದಲೇ ಇದು ಆಯಿತೆಂದು ನಂತರದ ಗ್ರಂಥಗಳು ಹೇಳುತ್ತವೆ. ಅಂದರೆ ಗುರುಗಳು ಆ ವೇಳೆಗಾಗಲೇ ಜನರ ಅಹವಾಲನ್ನು ಚಕ್ರವರ್ತಿಯ ಮುಂದಿಡಬಲ್ಲ ಸ್ಥಾನದಲ್ಲಿದ್ದರು. ಅಕ್ಬರನಂಥ ದೊರೆಗೆ ಇದು ಅನುಕೂಲವಾಗಿ ಕಂಡಿತು. ಸಿಂಹಾಸನದ ಮೇಲೆ ಭದ್ರವಾಗಿ ಕೂತಿರದ ದೊರೆಗೆ ಇದೇ ಸಂಗತಿ ಅಪಾಯವಾಗಿ ಕಾಣುವುದು ಸಹಜ.

1606ರ ಬೇಸಿಗೆ

1605ರ ಅಕ್ಟೋಬರ್‌ನಲ್ಲಿ ಅಕ್ಬರ್ ತೀರಿಕೊಂಡು ಸಲೀಮನು ಜಹಾಂಗೀರ್ ಎಂಬ ಹೆಸರಿನಿಂದ ಪಟ್ಟವೇರಿದ. ಈತ ಸ್ವತಃ ತಂದೆಯ ವಿರುದ್ಧ ಬಂಡೆದ್ದು ಅಲಹಾಬಾದಿನಲ್ಲಿ ಕೂತಿದ್ದವನು. 1602ರಲ್ಲಿ ತಂದೆಯ ಆಪ್ತ ಅಬುಲ್ ಫಝಲನನ್ನು ಕೊಲ್ಲಿಸಿದವನು. ತಂದೆಯ ಕೊನೆಗಾಲದಲ್ಲಿ ಕೆಲವು ಪ್ರಬಲ ಸರದಾರರು ಇವನನ್ನು ಬಿಟ್ಟು ಇವನ ಮಗ ಖುಸ್ರೋನನ್ನೇ ಪಟ್ಟಕ್ಕೇರಿಸಲು ಯತ್ನಿಸಿದ್ದರು. 1606ರ ಏಪ್ರಿಲ್‌ನಲ್ಲಿ ಆ ಖುಸ್ರೋ ಆಗ್ರಾದಿಂದ ತಪ್ಪಿಸಿಕೊಂಡು ಪಂಜಾಬಿನತ್ತ ಹೊರಟ. ದಾರಿಯಲ್ಲಿ ಗೋಯಿಂದವಾಲವಿತ್ತು. ದಂಗೆ ಕೆಲವೇ ವಾರಗಳಲ್ಲಿ ಅಡಗಿಹೋಯಿತು. ಖುಸ್ರೋ ಚಿನಾಬ್ ನದಿಯನ್ನು ದಾಟಲು ಯತ್ನಿಸುವಾಗ ಸಿಕ್ಕಿಬಿದ್ದ. ಅವನ ನೂರಾರು ಬೆಂಬಲಿಗರನ್ನು ಲಾಹೋರಿನ ರಸ್ತೆಯ ಇಕ್ಕೆಲಗಳಲ್ಲಿ ಶೂಲಕ್ಕೇರಿಸಿ, ಮಗನನ್ನು ಆನೆಯ ಮೇಲೆ ಕೂರಿಸಿ ಆ ಸಾಲಿನ ನಡುವೆ ಕರೆದೊಯ್ಯಲಾಯಿತು. ಮುಂದೆ ಆ ಮಗನ ಕಣ್ಣುಗಳನ್ನೂ ಕೀಳಿಸಲೆತ್ನಿಸಲಾಯಿತು. ಶೂಲಕ್ಕೇರಿದವರಲ್ಲಿ ಹೆಚ್ಚಿನವರು ಮುಸ್ಲಿಮ್ ಸೈನಿಕರೆಂಬುದನ್ನು ಮರೆಯಬಾರದು.

ಇದೇ ದಿನಗಳಲ್ಲಿ ಗುರು ಅರ್ಜನರ ಮೇಲೆ ದೂರು ಬಂತು. ಖುಸ್ರೋ ಗೋಯಿಂದವಾಲಕ್ಕೆ ಬಂದಾಗ ಗುರುಗಳು ಅವನ ಹಣೆಗೆ ಕೇಸರಿಯ ತಿಲಕವಿಟ್ಟು ಹರಸಿದರು ಎಂಬುದೇ ಆ ದೂರು. ಗುರುಗಳನ್ನು ಲಾಹೋರಿಗೆ ಕರೆತರಲಾಯಿತು. ಮೇ ತಿಂಗಳ ಕೊನೆಯಲ್ಲಿ, ಕಡು ಬೇಸಿಗೆಯಲ್ಲಿ, ಚಿತ್ರಹಿಂಸೆಯಿಂದ ಅವರು ಪ್ರಾಣಬಿಟ್ಟರು. ಆಗ ಅವರ ವಯಸ್ಸು ನಲ್ವತ್ತರ ಆಸುಪಾಸು.

ದಾಖಲೆಗಳು ಏನು ಹೇಳುತ್ತವೆ?

ಈ ಘಟನೆಗೆ ಸಮಕಾಲೀನವಾದ ಮೊದಲ ಸಾಕ್ಷ್ಯ ಜಹಾಂಗೀರನ ಸ್ವಂತ ಆತ್ಮಕಥೆ. ಅವನು ಇದನ್ನು ಮುಚ್ಚಿಟ್ಟಿಲ್ಲ. ಅರ್ಜನರು ಪೀರನಂತೆ ವೇಷ ತೊಟ್ಟು ಅನೇಕ ಮುಗ್ಧ ಹಿಂದೂಗಳನ್ನೂ ಕೆಲವು ಅಜ್ಞಾನಿ ಮುಸ್ಲಿಮರನ್ನೂ ತಮ್ಮತ್ತ ಸೆಳೆದಿದ್ದಾರೆಂದು ಬರೆಯುತ್ತಾನೆ. ಮೂರು ನಾಲ್ಕು ತಲೆಮಾರುಗಳಿಂದ ನಡೆಯುತ್ತಿರುವ ಈ ವ್ಯವಹಾರವನ್ನು ನಿಲ್ಲಿಸಬೇಕು, ಇಲ್ಲವೇ ಈತನನ್ನು ಇಸ್ಲಾಮಿಗೆ ತರಬೇಕು ಎಂದು ತಾನು ಬಹಳ ಕಾಲದಿಂದ ಯೋಚಿಸುತ್ತಿದ್ದುದಾಗಿಯೂ ಹೇಳುತ್ತಾನೆ. ಆ ಬಳಿಕವೇ ಖುಸ್ರೋನ ತಿಲಕದ ಸಂಗತಿ ಬರುತ್ತದೆ. ಗುರುಗಳ ಮನೆಮಠ, ಮಕ್ಕಳನ್ನು ಮುರ್ತಝಾ ಖಾನನ ವಶಕ್ಕೆ ಒಪ್ಪಿಸಿ, ಆಸ್ತಿಯನ್ನು ಮುಟ್ಟುಗೋಲು ಹಾಕಿ, ಅವರಿಗೆ ಮರಣದಂಡನೆ ವಿಧಿಸಲು ಆಜ್ಞೆ ಮಾಡಿದೆ ಎಂದು ಅವನು ಮುಗಿಸುತ್ತಾನೆ.

ಎರಡನೆಯದು, ಆಗ ಲಾಹೋರಿನಲ್ಲಿದ್ದ ಜೆಸ್ಯುಯಿಟ್ ಪಾದ್ರಿ ಜೆರೋಮ್ ಝೇವಿಯರ್ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬರೆದ ಪತ್ರ. ಅದರ ಪ್ರಕಾರ ಗುರುಗಳ ಮೇಲೆ ಭಾರೀ ದಂಡ ಬಿತ್ತು. ಶ್ರೀಮಂತನೊಬ್ಬ ಜಾಮೀನು ನಿಂತ. ಹಣ ಹುಟ್ಟದಿದ್ದಾಗ ಅದೇ ಜಾಮೀನುದಾರ ಗುರುಗಳನ್ನು ಹಿಂಸಿಸಿದ, ಅದರಲ್ಲೇ ಅವರು ತೀರಿಕೊಂಡರು. ಮೂರನೆಯದು, ಸುಮಾರು ಅರ್ಧ ಶತಮಾನದ ನಂತರದ ಪಾರ್ಸಿ ಗ್ರಂಥ ದಬಿಸ್ತಾನ್-ಎ-ಮಝಾಹಿಬ್. ಅದರ ಕರ್ತೃವಿಗೆ ಗುರು ಅರ್ಜನರ ಮಗನ ಪರಿಚಯವಿತ್ತು. ಅದರಲ್ಲಿಯೂ ದಂಡದ ಮಾತಿದೆ; ಕಟ್ಟಲಾಗದ ದಂಡಕ್ಕಾಗಿ ಲಾಹೋರಿನ ಸುಡುಬಿಸಿಲಿನಲ್ಲಿ ಕಟ್ಟಿಹಾಕಿದ್ದರಿಂದ, ವಸೂಲಿಗಾರರ ಹಿಂಸೆಯಿಂದ ಮರಣ ಸಂಭವಿಸಿತೆಂದಿದೆ.

ನಾಲ್ಕನೆಯ ಸಾಕ್ಷ್ಯ ನಮಗೆ ಅತ್ಯಂತ ಮುಜುಗರ ತರುವಂಥದ್ದು. ಸರ್ಹಿಂದಿನ ವಿದ್ವಾಂಸ ಶೇಖ್ ಅಹ್ಮದ್ ಸರ್ಹಿಂದಿ, ದರ್ಬಾರಿನ ಅದೇ ಮುರ್ತಝಾ ಖಾನನಿಗೆ ಬರೆದ ಪತ್ರದಲ್ಲಿ ಗೋಯಿಂದವಾಲದವನ ಹತ್ಯೆಯನ್ನು ಶುಭ ಸಂಗತಿಯೆಂದು ಸ್ವಾಗತಿಸಿದ್ದಾರೆ. ಇದನ್ನು ಬಚ್ಚಿಡುವುದರಿಂದ ನಮಗೆ ಯಾವ ಲಾಭವೂ ಇಲ್ಲ. ಒಬ್ಬ ದೊಡ್ಡ ವಿದ್ವಾಂಸರು ಒಂದು ಅನ್ಯಾಯದ ಕುರಿತು ಹರ್ಷ ವ್ಯಕ್ತಪಡಿಸಿದರು ಎಂದು ನೇರವಾಗಿ ಹೇಳುವ ಧೈರ್ಯ ನಮಗಿರಬೇಕು. ಇದೇ ಶೇಖ್ ಅಹ್ಮದರನ್ನು 1619ರಲ್ಲಿ ಇದೇ ಜಹಾಂಗೀರ್ ಗ್ವಾಲಿಯರ್ ಕೋಟೆಯ ಸೆರೆಗೆ ತಳ್ಳಿದ. ಅವರ ಶಿಷ್ಯರು ಊರೂರಿನಲ್ಲಿ ಹಬ್ಬಿದ್ದುದೇ ಅವನ ಕಣ್ಣಿಗೆ ಚುಚ್ಚಿತ್ತು. ತನ್ನ ಆತ್ಮಕಥೆಯಲ್ಲಿ ಅವನು ಗುರು ಅರ್ಜನರಿಗೂ ಈ ಶೇಖ್‌ಗೂ ಹೆಚ್ಚು ಕಡಿಮೆ ಒಂದೇ ಬಗೆಯ ತಿರಸ್ಕಾರದ ಮಾತುಗಳನ್ನು ಮೀಸಲಿಟ್ಟಿದ್ದಾನೆ. ಇಂದು ಇನ್ನೊಬ್ಬರ ಕೊರಳಿಗೆ ಬಿದ್ದ ಹಗ್ಗವನ್ನು ಕಂಡು ಸಂತೋಷಪಟ್ಟವರ ಕೊರಳಿಗೆ ನಾಳೆ ಅದೇ ಹಗ್ಗ ಬರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಒಂದೇ ಆರೋಪ, ಎರಡು ಶಿಕ್ಷೆ

ಹಾಗಾದರೆ ಇದು ಧರ್ಮದ ಕಾರಣದ ಹತ್ಯೆಯೋ, ರಾಜದ್ರೋಹದ ಶಿಕ್ಷೆಯೋ? ಈ ಪ್ರಶ್ನೆಗೆ ಉತ್ತರ ಹುಡುಕಲು ಜಹಾಂಗೀರನ ಆತ್ಮಕಥೆಯ ಇನ್ನೊಂದು ಪ್ರಸಂಗವನ್ನು ನೋಡಬೇಕು. ಖುಸ್ರೋ ಅದೇ ಪಲಾಯನದ ಹಾದಿಯಲ್ಲಿ ಥಾನೇಸರದ ಸೂಫಿ ಶೇಖ್ ನಿಝಾಮರನ್ನೂ ಕಂಡಿದ್ದ. ಅವರೂ ಅವನಿಗೆ ಶುಭ ನುಡಿದಿದ್ದರು. ಅವರಿಗೆ ಸಿಕ್ಕ ಶಿಕ್ಷೆಯೇನು? ದಾರಿಖರ್ಚು ಕೊಟ್ಟು ಹಜ್ಜ್ ಯಾತ್ರೆಗೆ ಕಳುಹಿಸಲಾಯಿತು. ಅಂದರೆ ಗಡಿಪಾರು. ಬಂಡಾಯಗಾರ ರಾಜಕುಮಾರನನ್ನು ಹರಸಿದ್ದೆಂಬ ಆರೋಪ ಇಬ್ಬರ ಮೇಲೂ ಇತ್ತು. ಒಬ್ಬರಿಗೆ ಮಕ್ಕಾದ ದಾರಿ, ಇನ್ನೊಬ್ಬರಿಗೆ ಮರಣ. ಈ ವ್ಯತ್ಯಾಸದಲ್ಲಿ ಧರ್ಮದ ಪಾತ್ರವೇ ಇಲ್ಲ ಎನ್ನಲು ಸಾಧ್ಯವಿಲ್ಲ.

ಆದರೆ ಇದನ್ನು ಇಸ್ಲಾಮಿನ ನ್ಯಾಯವೆನ್ನಲೂ ಸಾಧ್ಯವಿಲ್ಲ. ಜಹಾಂಗೀರನ ಬರಹದಲ್ಲಿ ಕಾಝಿಯ ವಿಚಾರಣೆಯಿಲ್ಲ, ಸಾಕ್ಷಿಗಳಿಲ್ಲ, ಫತ್ವಾ ಇಲ್ಲ. ಮರಣದಂಡನೆಗೆ ಅವನು ಬಳಸಿದ ಪದಗಳು ಸಿಯಾಸತ್ ಮತ್ತು ಯಾಸಾ. ಯಾಸಾ ಎಂದರೆ ಚೆಂಗಿಸ್ ಖಾನನ ಕಾಲದಿಂದ ಬಂದ ಮಂಗೋಲ ರಾಜಶಾಸನ. ಶರೀಅತ್‌ಗೂ ಅದಕ್ಕೂ ಸಂಬಂಧವಿಲ್ಲ. ಧರ್ಮದ ವಿಷಯದಲ್ಲಿ ಬಲವಂತ ಸಲ್ಲದೆಂಬುದು ಕುರ್‌ಆನಿನ ಸ್ಪಷ್ಟ ನಿಲುವು. ಒಬ್ಬನ ನಂಬಿಕೆಯನ್ನು 'ನಿಲ್ಲಿಸುವ' ಆಲೋಚನೆಗೆ ಅಲ್ಲಿ ಎಡೆಯಿಲ್ಲ. ಹೀಗಿರುವಾಗ ಚಕ್ರವರ್ತಿಯೊಬ್ಬ ತನ್ನ ಅನುಮಾನ, ಅಸಹನೆಗಳಿಗೆ ಧರ್ಮದ ಬಣ್ಣ ಕೊಟ್ಟುಕೊಂಡು, ಕೊಲ್ಲಲು ಮಂಗೋಲರ ಕಾನೂನನ್ನು ಎತ್ತಿಕೊಂಡನೆಂಬುದೇ ಸತ್ಯಕ್ಕೆ ಹತ್ತಿರವಾದ ಮಾತು. ದಂಗೆ ನೆಪವಾಯಿತು, ಜನರ ಮನಸ್ಸಿನಲ್ಲಿ ತನ್ನ ಹಿಡಿತಕ್ಕೆ ಹೊರತಾಗಿ ಬೆಳೆಯುತ್ತಿದ್ದ ಇನ್ನೊಂದು ಅಧಿಕಾರವೇ ನಿಜವಾದ ಕಾರಣವಾಗಿತ್ತು. ಇದೇ ಜಹಾಂಗೀರನ ಕಾಲದಲ್ಲಿ, 1610ರಲ್ಲಿ, ಶಿಯಾ ವಿದ್ವಾಂಸ ಕಾಝಿ ನೂರುಲ್ಲಾ ಶುಸ್ತರಿಯವರೂ ಹತರಾದರು. ಕಲಿಮಾ ಹೇಳುತ್ತಿದ್ದ ಕಾರಣಕ್ಕೆ ಅವರಿಗೆ ರಕ್ಷಣೆ ಸಿಗಲಿಲ್ಲ.

ಶಹೀದ್ ಎಂಬ ಪದ

ಗುರು ಅರ್ಜನರನ್ನು ಸಿಖ್ಖರು ಶಹೀದರೆನ್ನುತ್ತಾರೆ. ಹುತಾತ್ಮ ಗುರುಗಳಲ್ಲಿ ಮೊದಲಿಗರೆಂದು ಗೌರವಿಸುತ್ತಾರೆ. ಶಹೀದ್ ನಮ್ಮದೇ ಪದ. ಸಾಕ್ಷಿ ನುಡಿಯುವವನು ಎಂಬ ಅರ್ಥದ ಈ ಅರಬಿ ಪದ ಪಂಜಾಬಿಗೆ ಸೂಫಿಗಳ ಮೂಲಕ ಬಂದು ಅಲ್ಲಿಯ ಮಣ್ಣಿನಲ್ಲಿ ಬೇರುಬಿಟ್ಟಿತು. ಆದಿ ಗ್ರಂಥದ ಲಿಪಿಕಾರರಾದ ಭಾಯಿ ಗುರುದಾಸರ ರಚನೆಗಳಲ್ಲೂ ಅದು ಕಾಣಿಸಿಕೊಳ್ಳುತ್ತದೆ. ಪೂರ್ಣ ಸ್ವರೂಪದ ಹುತಾತ್ಮ ಪರಂಪರೆ ಹತ್ತೊಂಬತ್ತನೆಯ ಶತಮಾನದ ಸಿಂಗ್ ಸಭಾ ಚಳವಳಿಯ ಕಾಲದಲ್ಲಿ ರೂಪುಗೊಂಡಿತೆಂದು ವಾದಿಸುವ ಇತಿಹಾಸಕಾರರೂ ಇದ್ದಾರೆ. ಇರಬಹುದು. ಆದರೆ ನೆನಪು ಕಥೆಯಾಗುವ ಮುನ್ನ ಘಟನೆ ನಡೆದೇ ಇತ್ತು.

ಈ ಪದದ ಅರ್ಥ ನಮಗೆ ಬೇರೆಯವರು ಕಲಿಸಬೇಕಾಗಿಲ್ಲ. 680ರಲ್ಲಿ ಕರ್ಬಲಾದಲ್ಲಿ ಇಮಾಮ್ ಹುಸೈನರನ್ನು ಕೊಂದದ್ದು ಮುಸ್ಲಿಮ್ ಹೆಸರಿನ ಪ್ರಭುತ್ವವೇ. ಇಮಾಮ್ ಅಬೂ ಹನೀಫಾ 767ರಲ್ಲಿ ತೀರಿಕೊಂಡದ್ದು ಖಲೀಫನ ಸೆರೆಮನೆಯಲ್ಲಿ. ಇಮಾಮ್ ಅಹ್ಮದ್ ಬಿನ್ ಹಂಬಲರ ಬೆನ್ನಿನ ಮೇಲೆ ಚಾವಟಿ ಬಿದ್ದದ್ದು ಖಲೀಫನು ಹೇರಿದ ನಂಬಿಕೆಯನ್ನು ಒಪ್ಪಲು ನಿರಾಕರಿಸಿದ್ದಕ್ಕೆ. ಇವರೆಲ್ಲರನ್ನೂ ಗೌರವಿಸುವ ನಾವು ಲಾಹೋರಿನ ಬಿಸಿಲಿನಲ್ಲಿ ಪ್ರಾಣಬಿಟ್ಟ ಗುರುವಿನ ವಿಷಯ ಬಂದಾಗ ಮಾತ್ರ ಯಾಕೆ ದೊರೆಯ ಪಕ್ಕದಲ್ಲಿ ಹೋಗಿ ನಿಲ್ಲಬೇಕು?

ಗುರು ಅರ್ಜನರ ನಂತರ ಅವರ ಮಗ, ಹನ್ನೊಂದು ವರ್ಷದ ಹರ್‌ಗೋಬಿಂದರು ಗುರುವಾದರು. ಅವರು ಎರಡು ಖಡ್ಗಗಳನ್ನು ಧರಿಸಿದರು: ಒಂದು ಮೀರಿಯದು, ಇನ್ನೊಂದು ಪೀರಿಯದು. ಮೀರಿ ಎಂದರೆ ಅಮೀರನ ಅಧಿಕಾರ, ಪೀರಿ ಎಂದರೆ ಪೀರನ ಅಧಿಕಾರ. ಪ್ರಭುತ್ವವನ್ನು ಎದುರಿಸಲು ಆಯ್ದುಕೊಂಡ ಪದಗಳೂ ಮುಸ್ಲಿಮ್ ಜಗತ್ತಿನವೇ ಆಗಿದ್ದವು. ಜಹಾಂಗೀರ್ ಅವರನ್ನೂ ಕೆಲಕಾಲ ಗ್ವಾಲಿಯರಿನಲ್ಲಿ ಸೆರೆಯಲ್ಲಿಟ್ಟ. ಅವರ ಬಿಡುಗಡೆಗೆ ಲಾಹೋರಿನ ಕಾದಿರಿ ಸೂಫಿ ಮಿಯಾನ್ ಮೀರ್ ಮಾತನಾಡಿದರೆಂದು ಸಿಖ್ ಪರಂಪರೆ ಕೃತಜ್ಞತೆಯಿಂದ ನೆನೆಯುತ್ತದೆ. ಹರ್‌ಗೋಬಿಂದರು ಮುಸ್ಲಿಮರಿಗಾಗಿ ಕಟ್ಟಿಸಿದರೆಂದು ಹೇಳಲಾಗುವ ಮಸೀದಿ, 'ಗುರು ಕಿ ಮಸೀತ್', ಶ್ರೀ ಹರ್‌ಗೋಬಿಂದಪುರದಲ್ಲಿದೆ. ತಂದೆಯನ್ನು ಕೊಂದ ಪ್ರಭುತ್ವ ಬೇರೆ, ನೆರೆಮನೆಯ ಮುಸ್ಲಿಮ್ ಬೇರೆ ಎಂಬ ವಿವೇಕ ಆ ಗುರುವಿಗಿತ್ತು.

ಚಾಂದನಿ ಚೌಕದಲ್ಲಿ

1675ರ ನವೆಂಬರ್‌ನಲ್ಲಿ ಒಂಬತ್ತನೆಯ ಗುರು ತೇಗ್ ಬಹಾದುರರನ್ನು ದೆಹಲಿಯ ಚಾಂದನಿ ಚೌಕದಲ್ಲಿ ಶಿರಚ್ಛೇದ ಮಾಡಲಾಯಿತು. ಆಗ ಔರಂಗಝೇಬ್ ದೆಹಲಿಯಲ್ಲಿರಲಿಲ್ಲ, ಅಫ್ಘನ್ನರ ದಂಗೆಯ ಕಾರಣ ವಾಯವ್ಯದ ಹಸನ್ ಅಬ್ದಾಲ್‌ನಲ್ಲಿದ್ದ. ಈ ಅಂಶವನ್ನು ಹಿಡಿದು ಅವನನ್ನು ಹೊಣೆಯಿಂದ ಪಾರುಮಾಡಲು ಕೆಲವರು ಯತ್ನಿಸುತ್ತಾರೆ. ರಾಜಧಾನಿಯ ನಟ್ಟನಡುವೆ ನಡೆದ ಇಂಥದ್ದೊಂದು ಕೃತ್ಯದ ಹೊಣೆ ಚಕ್ರವರ್ತಿಯದಲ್ಲದೆ ಇನ್ನಾರದು? ಕಾಶ್ಮೀರದ ಪಂಡಿತರ ಮೊರೆಗೆ ಓಗೊಟ್ಟು, ತಮ್ಮದಲ್ಲದ ಜನಿವಾರ ತಿಲಕಗಳ ರಕ್ಷಣೆಗಾಗಿ ಗುರುಗಳು ತಲೆಕೊಟ್ಟರೆಂಬುದು ಸಿಖ್ಖರ ನಂಬಿಕೆ. ಗುರು ಗೋಬಿಂದ್ ಸಿಂಗರದೆನ್ನಲಾಗುವ ಬಚಿತ್ತರ್ ನಾಟಕದಲ್ಲೂ ತಿಲಕ, ಜನಿವಾರಗಳ ಮಾತು ಬರುತ್ತದೆ.

ಇದಕ್ಕೆ ವಿರುದ್ಧವಾಗಿ, ಗುರುಗಳು ಹಾಫಿಝ್ ಆದಮ್ ಎಂಬವನ ಜೊತೆ ಸೇರಿ ಲೂಟಿ ನಡೆಸುತ್ತಿದ್ದರೆಂದು ಸಿಯರ್-ಉಲ್-ಮುತಾಖ್ಖಿರೀನ್ ಎಂಬ ಪಾರ್ಸಿ ಗ್ರಂಥ ಹೇಳುತ್ತದೆ. ಈ ಗ್ರಂಥ ಬರೆದದ್ದು ಘಟನೆಯ ನೂರು ವರ್ಷಗಳ ನಂತರ. ಶೇಖ್ ಆದಮ್ ಬನೂರಿಯವರಾದರೋ ಶಾಹ್‌ಜಹಾನನ ಕಾಲದಲ್ಲೇ ದೇಶ ಬಿಟ್ಟು ಹೋಗಿ, ಗುರುಗಳ ಹತ್ಯೆಗೆ ಮೂವತ್ತು ವರ್ಷ ಮೊದಲೇ ಮದೀನಾದಲ್ಲಿ ತೀರಿಕೊಂಡಿದ್ದರು. ಸತ್ತವರ ಜೊತೆ ಸೇರಿ ಲೂಟಿ ಮಾಡಲಾಗುವುದಿಲ್ಲ. ಇಂಥ ಆಧಾರವನ್ನು ಹಿಡಿದು ವಾದಿಸುವುದು ನಮಗೆ ಶೋಭೆಯಲ್ಲ.

ಔರಂಗಝೇಬನ ಕೈಯಲ್ಲಿ ಸತ್ತವರ ಪಟ್ಟಿಯನ್ನೂ ಒಮ್ಮೆ ನೋಡಬೇಕು. ಅವನು ಗುಜರಾತಿನ ಸುಬೇದಾರನಾಗಿದ್ದಾಗ 1646ರಲ್ಲಿ ಅಹ್ಮದಾಬಾದಿನಲ್ಲಿ ಬೋಹ್ರಾಗಳ ಧರ್ಮಗುರು ಸಯ್ಯಿದ್ನಾ ಕುತ್ಬುದ್ದೀನರು ಹತರಾದರು. 1659ರಲ್ಲಿ ಅಣ್ಣ ದಾರಾ ಶಿಕೋಹ್. ಅನಂತರ ಸೂಫಿ ಕವಿ ಸರ್ಮದ್. ಇವರೆಲ್ಲರ ಮೇಲೆ ಧರ್ಮದ ಆರೋಪವಿತ್ತು. ದಾರಾನ ವಿಷಯದಲ್ಲಂತೂ ಧರ್ಮಭ್ರಷ್ಟತೆಯ ಆರೋಪಕ್ಕೆ ಉಲಮಾಗಳ ಒಪ್ಪಿಗೆಯನ್ನೂ ಪಡೆಯಲಾಗಿತ್ತು. ಪ್ರಭುತ್ವಕ್ಕೆ ಬೇಕಾದಾಗ ಫತ್ವಾ ಕೊಡುವವರು ಎಲ್ಲ ಕಾಲದಲ್ಲೂ ಸಿಗುತ್ತಾರೆ.

ಸರ್ಹಿಂದಿನ ಮಕ್ಕಳು

ಗುರು ಗೋಬಿಂದ್ ಸಿಂಗರು 1699ರಲ್ಲಿ ಖಾಲ್ಸಾವನ್ನು ಸ್ಥಾಪಿಸಿದಾಗ ತಲೆ ಕೊಡಲು ಮುಂದೆ ಬಂದ ಐವರಲ್ಲಿ ಒಬ್ಬರಾದ ಸಾಹಿಬ್ ಸಿಂಗ್ ನಮ್ಮ ಬೀದರಿನವರು, ಕ್ಷೌರಿಕ ವೃತ್ತಿಯವರು ಎನ್ನುತ್ತದೆ ಸಿಖ್ ಪರಂಪರೆ. ಗುರು ನಾನಕರ ಭೇಟಿಯ ನೆನಪಿನ ನಾನಕ್ ಝೀರಾ ಇರುವುದೂ ಅದೇ ಬೀದರಿನಲ್ಲಿ. ಸಾಹಿಬ್ ಸಿಂಗರು ಮುಂದೆ ಚಮ್ಕೌರಿನ ಯುದ್ಧದಲ್ಲಿ ಮಡಿದರು. ಗುರುಗಳ ಇಬ್ಬರು ಹಿರಿಯ ಮಕ್ಕಳೂ ಅಲ್ಲೇ ಸತ್ತರು. ಒಂಬತ್ತು ಮತ್ತು ಆರು ವರ್ಷದ ಕಿರಿಯ ಮಕ್ಕಳಾದ ಝೋರಾವರ್ ಸಿಂಗ್, ಫತೇಹ್ ಸಿಂಗರನ್ನು ಸರ್ಹಿಂದಿನ ಫೌಜುದಾರ ವಝೀರ್ ಖಾನ್ ಕೊಲ್ಲಿಸಿದ. ಇದು 1704ರ ಡಿಸೆಂಬರ್‌ನಲ್ಲಿ. ಕೆಲವು ಇತಿಹಾಸಕಾರರ ಪ್ರಕಾರ 1705ರಲ್ಲಿ. ಔರಂಗಝೇಬ್ ಎರಡು ದಶಕಗಳಿಂದ ದಖ್ಖನಿನಲ್ಲೇ ಇದ್ದ. 1705ರ ಮೊದಲ ತಿಂಗಳುಗಳಲ್ಲಿ ಅವನು ನಮ್ಮ ಸುರಪುರದ ಬಳಿಯ ವಾಗಿನಗೇರಾ ಕೋಟೆಯಲ್ಲಿ ಬೇಡ ನಾಯಕರೊಡನೆ ಸೆಣಸುತ್ತಿದ್ದ. ಗುರುಗಳು ಅವನಿಗೆ ಪಾರ್ಸಿಯಲ್ಲಿ ಬರೆದ ಝಫರ್‌ನಾಮಾ ಎಂಬ ಪತ್ರಕಾವ್ಯ ಪ್ರಸಿದ್ಧವಾಗಿದೆ. ಕುರ್‌ಆನಿನ ಮೇಲೆ ಆಣೆಯಿಟ್ಟು ಮಾತು ಮುರಿದವರು ನೀವು ಎಂಬುದೇ ಅದರ ಮುಖ್ಯ ಆಕ್ಷೇಪ. ಇಸ್ಲಾಮನ್ನು ಅಲ್ಲಿ ದೂರಿಲ್ಲ. ಇಸ್ಲಾಮಿನ ಹೆಸರಿನಲ್ಲಿ ಸುಳ್ಳಾಡಿದವರನ್ನು ದೂರಲಾಗಿದೆ.

ಆ ಮಕ್ಕಳಿಗೆ ಮರಣದಂಡನೆ ವಿಧಿಸಿದಾಗ ಸಭೆಯಲ್ಲಿ ಒಬ್ಬರು ಎದ್ದು ಪ್ರತಿಭಟಿಸಿದರು. ಅವರು ಮಲೇರ್‌ಕೋಟ್ಲಾದ ನವಾಬ ಶೇರ್ ಮುಹಮ್ಮದ್ ಖಾನ್. ಅವರು ಗುರುಗಳ ಮಿತ್ರರಾಗಿರಲಿಲ್ಲ. ಮೊಗಲರ ಪರವಾಗಿ ಗುರುಗಳ ವಿರುದ್ಧ ಯುದ್ಧ ಮಾಡಿದವರು. ಆದರೆ ತಂದೆಯ ಮೇಲಿನ ಹಗೆಯನ್ನು ಮಕ್ಕಳ ಮೇಲೆ ತೀರಿಸುವುದು ಇಸ್ಲಾಮಿಗೆ ವಿರುದ್ಧವೆಂದು ಹೇಳಿ ಅವರು ಸಭೆಯಿಂದ ಹೊರನಡೆದರೆಂದು ಸಿಖ್ಖರೇ ಹೇಳುತ್ತಾರೆ. ಮಕ್ಕಳು ಉಳಿಯಲಿಲ್ಲ. 1710ರಲ್ಲಿ ಬಂದಾ ಸಿಂಗ್ ಸರ್ಹಿಂದನ್ನು ಸೂರೆಗೈದಾಗ ನಿರಪರಾಧಿ ಮುಸ್ಲಿಮರೂ ಸತ್ತರು. 1716ರಲ್ಲಿ ಬಂದಾನನ್ನೂ ಅವನ ನೂರಾರು ಅನುಯಾಯಿಗಳನ್ನೂ ದೆಹಲಿಯಲ್ಲಿ ಕೊಲ್ಲಲಾಯಿತು. ಅವರಲ್ಲಿ ಯಾರೂ ಪ್ರಾಣಭಯಕ್ಕೆ ಧರ್ಮ ಬಿಡಲಿಲ್ಲವೆಂದು ಆಗ ಅಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ದೂತರು ಬರೆದಿದ್ದಾರೆ. ಹಿಂಸೆ ಹಿಂಸೆಯನ್ನೇ ಹೆತ್ತಿತು. ಆದರೆ ನವಾಬರ ಆ ಒಂದು ಪ್ರತಿಭಟನೆ ಮಾತ್ರ ಮರೆಯಾಗಲಿಲ್ಲ. 1947ರಲ್ಲಿ ಪೂರ್ವ ಪಂಜಾಬಿನ ಮುಸ್ಲಿಮರು ಊರಿಗೆ ಊರೇ ನಿರ್ನಾಮವಾಗುತ್ತಿದ್ದಾಗ ಮಲೇರ್‌ಕೋಟ್ಲಾ ಸುರಕ್ಷಿತವಾಗಿ ಉಳಿಯಿತು. ಅದಕ್ಕೆ ಕಾರಣ ಏನೆಂದು ಅಲ್ಲಿಯ ಜನರನ್ನು ಕೇಳಿದರೆ, ಸಿಖ್ಖರಾಗಲಿ ಮುಸ್ಲಿಮರಾಗಲಿ, ಇಂದಿಗೂ ಶೇರ್ ಮುಹಮ್ಮದ್ ಖಾನರ ಹೆಸರನ್ನೇ ಹೇಳುತ್ತಾರೆ.

ನಮ್ಮ ಮುಂದಿರುವ ಆಯ್ಕೆ

ಮೊಗಲ ಚಕ್ರವರ್ತಿಗಳು ನಮ್ಮ ಧರ್ಮದ ಪ್ರತಿನಿಧಿಗಳಾಗಿರಲಿಲ್ಲ. ಅವರು ಸಿಂಹಾಸನದ ಪ್ರತಿನಿಧಿಗಳು. ಅವರ ಪಾಪಕ್ಕೆ ಇಂದಿನ ಮುಸ್ಲಿಮನನ್ನು ಹೊಣೆಯಾಗಿಸುವುದು ಎಷ್ಟು ಅನ್ಯಾಯವೋ, ಅವರ ಪಾಪವನ್ನು ಇಂದಿನ ಮುಸ್ಲಿಮನು ಸಮರ್ಥಿಸುವುದೂ ಅಷ್ಟೇ ಅನ್ಯಾಯ. ನಾವು ಸಮರ್ಥಿಸಿದಷ್ಟೂ ಆ ಹೊಣೆ ನಮ್ಮ ತಲೆಯ ಮೇಲೆ ಗಟ್ಟಿಯಾಗಿ ಕೂರುತ್ತದೆ. ಈ ಇತಿಹಾಸದಲ್ಲಿ ನಮ್ಮವರೆಂದು ಹೇಳಿಕೊಳ್ಳಲು ಜಹಾಂಗೀರನೂ ವಝೀರ್ ಖಾನನೂ ಮಾತ್ರ ಇರುವುದಲ್ಲ. ನಾನಕರ ಜೊತೆ ನಡೆದ ಮರ್ದಾನಾ ಇದ್ದಾರೆ, ಗ್ರಂಥದೊಳಗೆ ನೆಲೆಸಿದ ಫರೀದರಿದ್ದಾರೆ, ಮಿಯಾನ್ ಮೀರ್ ಇದ್ದಾರೆ, ತುಂಬಿದ ಸಭೆಯಲ್ಲಿ ಒಂಟಿಯಾಗಿ ಎದ್ದು ನಿಂತ ಮಲೇರ್‌ಕೋಟ್ಲಾದ ನವಾಬರಿದ್ದಾರೆ. ಯಾರನ್ನು ನಮ್ಮವರೆಂದು ಕರೆದುಕೊಳ್ಳಬೇಕೆಂಬುದನ್ನು ಇತಿಹಾಸ ನಮ್ಮ ಆಯ್ಕೆಗೇ ಬಿಟ್ಟಿದೆ.